ಗೆರೆ ಎಳೆಯದೆ ನೇರ ನಡೆಯುವ ಹೊಲಿಗೆ

ಹಳೆಯ ಸೀರೆ, ಪಂಚೆ, ಲುಂಗಿಗಳನ್ನು ಪದರಪದರವಾಗಿ ಹಾಸಿ, ಅವೆಲ್ಲವೂ ಒಂದೇ ಬಟ್ಟೆಯಾಗಿ ನಿಲ್ಲುವಂತೆ ಸಾಲುಸಾಲಾಗಿ ಕೈಹೊಲಿಗೆ ಹಾಕಿ ಮಾಡುವ ದಪ್ಪ ಹೊದಿಕೆಗೆ ಉತ್ತರ ಕರ್ನಾಟಕದಲ್ಲಿ ಕೌದಿ ಎಂದೂ, ಉತ್ತರ ಕನ್ನಡದ ಸಿದ್ದಿಗಳಲ್ಲಿ ಕವಂದಿ ಎಂದೂ, ತೆಲುಗಿನ ಒಡನಾಟವಿರುವ ಮೂಡಣ ಸೀಮೆಯಲ್ಲಿ ಬೊಂತೆ ಎಂದೂ ಹೆಸರು. 12ನೆಯ ಶತಮಾನದ ಶರಣೆ ಬೊಂತಾದೇವಿಯ ಹೆಸರಿನಲ್ಲೇ ಈ ಹೊದಿಕೆ ಸೇರಿಕೊಂಡಿರುವುದು ಅದರ ಹಳಮೆಗೆ ಒಂದು ಸಾಕ್ಷಿ. ಕೌದಿಯ ಕುರಿತು ಈವರೆಗೆ ಬಂದಿರುವ ಬರಹಗಳು ಬಹುಪಾಲು ಅದರ ಬಣ್ಣ, ತೇಪೆಗಳ ಜೋಡಣೆ, ಹಳೆಯ ಬಟ್ಟೆಗೆ ಮರುಜೀವ ಕೊಡುವ ಮಿತವ್ಯಯ ಇವುಗಳನ್ನೇ ಕೊಂಡಾಡಿವೆ. ಆದರೆ ಇಡೀ ಹೊದಿಕೆ ಯಾವುದರ ಬಲದಿಂದ ಹೊದಿಕೆಯಾಗಿ ಉಳಿದಿದೆಯೋ ಆ ಹೊಲಿಗೆಯ ಸಾಲುಗಳ ಕಡೆಗೆ, ಅವು ನೇರವಾಗಿಯೂ ಸಮದೂರದಲ್ಲಿಯೂ ನಡೆಯುವ ಬಗೆಯ ಕಡೆಗೆ, ಸಲ್ಲಬೇಕಾದ ಗಮನ ಸಂದಿಲ್ಲ.

ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್ ದೂರದ ಹೊಸೂರು, ಅದರ ಸುತ್ತಲಿನ ತಳಿ, ಡೆಂಕಣಿಕೋಟೆ, ಕೆಲಮಂಗಲ, ಬಾಗಲೂರು, ಶೂಲಗಿರಿಗಳನ್ನೊಳಗೊಂಡ ನಾಡು ಈ ಕಸುಬನ್ನು ನೋಡುವುದಕ್ಕೆ ಒಳ್ಳೆಯ ನೆಲೆ. 1956ರ ಭಾಷಾವಾರು ಪುನರ್ವಿಂಗಡಣೆಯ ಬಳಿಕವೂ ಮದರಾಸು ರಾಜ್ಯದಲ್ಲೇ ಉಳಿದು, 1965ರಲ್ಲಿ ಸೇಲಂ ಜಿಲ್ಲೆಯಿಂದ ಬೇರ್ಪಟ್ಟ ಧರ್ಮಪುರಿಗೂ, 2004ರಲ್ಲಿ ಅದರಿಂದ ಒಡೆದ ಕೃಷ್ಣಗಿರಿ ಜಿಲ್ಲೆಗೂ ಸೇರಿದ ಈ ಸೀಮೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಮನೆಮಾತುಗಳು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಪ್ರಸ್ಥಭೂಮಿಯಾದುದರಿಂದ ಮಾರ್ಗಶಿರ, ಪುಷ್ಯ ಮಾಸಗಳ ರಾತ್ರಿಗಳು ತಣ್ಣಗಿರುತ್ತವೆ. ತಳಿಯ ಹವೆಯನ್ನು ಮೆಚ್ಚಿ ಬ್ರಿಟಿಷರು ಅದನ್ನು ಚಿಕ್ಕ ಇಂಗ್ಲೆಂಡ್ ಎಂದು ಕರೆದದ್ದು ಈಗಲೂ ಜನರ ಬಾಯಲ್ಲಿದೆ. ಇಂಥ ಚಳಿಗೆ ಕುರುಬರು ನೇಯ್ದ ಕರಿಯ ಕಂಬಳಿ ಒಂದು ಉತ್ತರವಾಗಿದ್ದರೆ, ಮನೆಯ ಹಳೆಯ ಬಟ್ಟೆಯಿಂದ ಹೊಲಿದ ಬೊಂತೆ ಇನ್ನೊಂದು ಉತ್ತರ. ಕಂಬಳಿಗೆ ಮಗ್ಗ ಬೇಕು, ಕುರಿಯ ಉಣ್ಣೆ ಬೇಕು; ಬೊಂತೆಗೆ ಸೂಜಿ, ದಾರ, ನೆಲ ಮತ್ತು ಬಿಡುವಿರುವ ಮಧ್ಯಾಹ್ನಗಳು ಸಾಕು.

ಕೌದಿಯಲ್ಲಿ ಸಾಮಾನ್ಯವಾಗಿ ಮೂರು ಭಾಗಗಳಿರುತ್ತವೆ. ಕೆಳಗೆ ನೆಲಕ್ಕೆ ತಾಗುವಂತೆ ಹಾಸುವ ಅಖಂಡ ಬಟ್ಟೆ ಅಸ್ತರು, ಮೇಲೆ ಕಾಣುವಂತೆ ಕೂರಿಸುವ ತೇಪೆಗಳು ಅಥವಾ ಇನ್ನೊಂದು ಸೀರೆ ಹೊರಮೈ, ಇವೆರಡರ ನಡುವೆ ಚಪ್ಪಟೆಯಾಗಿ ಬಿಡಿಸಿ ಹರಡಿದ ಹಳೆಯ ಬಟ್ಟೆಯ ಪದರಗಳು ಒಳತುಂಬು. ಒಳತುಂಬಿಗೆ ತನ್ನದೇ ಆದ ಹಿಡಿತವಿಲ್ಲ; ಹೊಲಿಗೆಯಿಲ್ಲದೆ ಬಿಟ್ಟರೆ ಎರಡು ಮೂರು ಒಗೆತದೊಳಗೆ ಅದು ಜಾರಿ, ಒಂದು ಮೂಲೆಯಲ್ಲಿ ಮುದ್ದೆಯಾಗಿ, ಉಳಿದೆಡೆ ಟೊಳ್ಳು ಬೀಳುತ್ತದೆ. ಅಂಗಡಿಯ ರಜಾಯಿಯಲ್ಲಿ ತುಂಬುವ ಸಡಿಲ ಹತ್ತಿಗೆ 5ರಿಂದ 8 ಸೆಂಟಿಮೀಟರಿಗೊಂದು ಹೊಲಿಗೆ ಬೇಕಾದರೆ, ಮುಳ್ಳುಸೂಜಿಗಳಿಂದ ಗುದ್ದಿ ಹೆಣೆದ ಕಾರ್ಖಾನೆಯ ಹಾಳೆಗೆ 20 ಸೆಂಟಿಮೀಟರ್ ಅಂತರವೂ ನಡೆಯುತ್ತದೆ. ಚಿಂದಿಯ ಒಳತುಂಬಿಗಾದರೋ ಬೆರಳಗಲದ ಅಂತರವೇ ಕ್ಷೇಮ, ಏಕೆಂದರೆ ಒಳಗಿನ ಪ್ರತಿ ತುಂಡೂ, ಅದು ಎಷ್ಟೇ ಚಿಕ್ಕದಾಗಿರಲಿ, ಎರಡು ಮೂರು ಸಾಲುಗಳಿಗಾದರೂ ಸಿಕ್ಕಿಕೊಳ್ಳಬೇಕು.

ಅಂತರ ಸಮವಾಗಿರಬೇಕೆಂಬುದಕ್ಕೆ ಅಂದಕ್ಕಿಂತ ಮಿಗಿಲಾದ ಕಾರಣವಿದೆ. ಹೊಲಿದ ಪ್ರತಿ ಸಾಲೂ ತನ್ನುದ್ದಕ್ಕೂ ಬಟ್ಟೆಯನ್ನು ತುಸು ಕುಗ್ಗಿಸುತ್ತದೆ. ಸಾಲುಗಳು ಒಂದೆಡೆ ಒತ್ತಾಗಿಯೂ ಇನ್ನೊಂದೆಡೆ ವಿರಳವಾಗಿಯೂ ಇದ್ದರೆ ಒತ್ತಾದ ಭಾಗ ಹೆಚ್ಚು ಕುಗ್ಗಿ, ವಿರಳವಾದ ಭಾಗ ಉಬ್ಬಿ, ಆಯತವಾಗಿರಬೇಕಾದ ಹೊದಿಕೆ ಒಂದು ಕಡೆ ಗಿಡ್ಡವಾಗಿ ನಿಲ್ಲುತ್ತದೆ. ಬಳಕೆಯಲ್ಲಿ ಎಳೆತವೂ ಹಾಗೆಯೇ ಹಂಚಿಹೋಗುತ್ತದೆ: ಸಮದೂರದ ಸಾಲುಗಳು ಭಾರವನ್ನು ಸಮನಾಗಿ ಹೊತ್ತರೆ, ದೂರ ನಿಂತ ಒಂಟಿ ಸಾಲು ತನ್ನ ಪಾಲಿಗಿಂತ ಹೆಚ್ಚು ಹೊತ್ತು ಮೊದಲು ಹರಿಯುತ್ತದೆ. ಹಳೆಯ ಕೌದಿಯೊಂದನ್ನು ಬಿಡಿಸಿ ನೋಡಿದಾಗ ದಾರ ಎಲ್ಲಿ ಕಿತ್ತಿದೆ ಎಂಬುದನ್ನು ಗಮನಿಸಿದರೆ ಅದನ್ನು ಹೊಲಿದ ಕೈಯ ಲೆಕ್ಕಾಚಾರ ಕಾಣಿಸುತ್ತದೆ.

ಇನ್ನು ಪ್ರಮಾಣದ ಮಾತು. 2 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಕೌದಿಗೆ 2 ಸೆಂಟಿಮೀಟರಿಗೊಂದರಂತೆ ಉದ್ದುದ್ದ ಸಾಲು ಹಾಕಿದರೆ ಸುಮಾರು 75 ಸಾಲುಗಳಾಗಿ, ಹೊಲಿಗೆಯ ಒಟ್ಟು ಉದ್ದ 150 ಮೀಟರ್ ಆಗುತ್ತದೆ. ಟಾಕು ಅಂದರೆ ಸೂಜಿ ಒಮ್ಮೆ ಇಳಿದು ಏಳುವ ನಡೆ. ಮೇಲೆ ಕಾಣುವ ದಾರ 6 ಮಿಲಿಮೀಟರ್, ಕೆಳಗೆ ಹಾಯುವ ದಾರ ಅಷ್ಟೇ ಎಂದಿಟ್ಟುಕೊಂಡರೆ 150 ಮೀಟರಿನಲ್ಲಿ 12,500 ಟಾಕುಗಳು ಬೀಳುತ್ತವೆ. ದಾರವನ್ನು ಜೋಡೆಳೆಯಾಗಿ ಹಾಕುವ ರೂಢಿಯಿರುವುದರಿಂದ 300 ಮೀಟರಿಗೂ ಮಿಕ್ಕ ದಾರ ಬೇಕು. ಇಷ್ಟು ದೂರ ಸಾಗುವ ಹೊಲಿಗೆಗೆ ಗೆರೆ ಎಳೆದುಕೊಳ್ಳದೆ ದಿಕ್ಕು ಕಾಯುವುದು ಸಣ್ಣ ವಿದ್ಯೆಯಲ್ಲ.

ಮೊದಲ ಆಧಾರ ಬಟ್ಟೆಯ ನೇಯ್ಗೆ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳು ಹಾಸು, ಅವನ್ನು ಅಡ್ಡ ಹಾಯುವ ಎಳೆಗಳು ಹೊಕ್ಕು. ಇವೆರಡೂ ಒಂದಕ್ಕೊಂದು ಲಂಬವಾಗಿ ನಿಂತಿರುವುದರಿಂದ ಯಾವುದೇ ನೇಯ್ದ ಬಟ್ಟೆಯೊಳಗೆ ನೇರ ಗೆರೆಗಳು ಮೊದಲೇ ಇರುತ್ತವೆ. ಸೀರೆಯ ಅಂಚು ಹಾಸಿನ ದಿಕ್ಕನ್ನು ತೋರಿಸುತ್ತದೆ. ಅಂಚಿಲ್ಲದ ತುಂಡಿನಲ್ಲಿ ಹೊಕ್ಕಿನ ಒಂದೆಳೆಯನ್ನು ಉಗುರಿನಿಂದ ಹಿಡಿದು ಮೆಲ್ಲನೆ ಎಳೆದು ತೆಗೆದರೆ, ಅದು ಬಿಟ್ಟುಹೋದ ಸಣ್ಣ ಓಣಿಯೇ ತಪ್ಪಿಲ್ಲದ ನೇರ ಗೆರೆಯಾಗುತ್ತದೆ. ಇಳಕಲ್ ಸೀರೆಯ ಚೌಕಳಿ, ಮನೆಯ ಗಂಡಸರ ಲುಂಗಿಯ ಪಟ್ಟೆ ಹೊರಮೈಗೆ ಬಂದರೆ ಗುರುತಿನ ಕೆಲಸ ಮಗ್ಗದಲ್ಲೇ ಮುಗಿದಂತೆ. ಓರೆಯಾಗಿ, ಟೈಲರುಗಳ ಮಾತಿನಲ್ಲಿ ಕ್ರಾಸ್ ಆಗಿ, ಕತ್ತರಿಸಿದ ತುಂಡು ಮಾತ್ರ ಎಳೆದತ್ತ ಹಿಗ್ಗುತ್ತದೆ. ಅದರ ಮೇಲೆ ಅಳೆದು ಎಳೆದ ಗೆರೆಯೂ ಹೊಲಿಯುವಷ್ಟರಲ್ಲಿ ಬಾಗಿರುತ್ತದೆ. ಹೊಸೂರಿನಿಂದ ಬೆಂಗಳೂರಿನವರೆಗೆ ಹಬ್ಬಿರುವ ಗಾರ್ಮೆಂಟ್ಸ್‌ಗಳಿಂದ ಹೊರಬೀಳುವ ಕಟ್ ಪೀಸುಗಳಲ್ಲಿ ಹೆಣಿಗೆಯ ಬನಿಯನ್ ಬಟ್ಟೆಯೂ ಬೆರೆತಿರುವುದರಿಂದ ಈ ಎಚ್ಚರ ಈಗ ಇನ್ನೂ ಅಗತ್ಯವಾಗಿದೆ: ಹೆಣಿಗೆಯಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ, ಇರುವುದು ಕುಣಿಕೆಗಳ ಸರಣಿ; ಅದನ್ನು ಹೊರಮೈಗೆ ಬಳಸದೆ ಒಳತುಂಬಿಗೆ ಇಟ್ಟುಕೊಳ್ಳುವುದೇ ಲೇಸು.

ನೆಲವನ್ನು ಗುಡಿಸಿ ಒರೆಸಿ, ಅಸ್ತರನ್ನು ಸುಕ್ಕಿಲ್ಲದಂತೆ ಹಾಸಿ, ಮೂಲೆಗಳ ಮೇಲೆ ಕಲ್ಲನ್ನೋ ಒಳಕಲ್ಲಿನ ಗುಂಡನ್ನೋ ಭಾರವಿಟ್ಟು, ಅದರ ಮೇಲೆ ಒಳತುಂಬು ಮತ್ತು ಹೊರಮೈಗಳನ್ನು ನಡುವಿನಿಂದ ಹೊರಕ್ಕೆ ಅಂಗೈಯಿಂದ ಸವರಿ ಕೂರಿಸುವುದು ಮೊದಲ ಹಂತ. ಆಮೇಲೆ ಉದ್ದುದ್ದ ಟಾಕುಗಳಿಂದ ಪದರಗಳನ್ನು ತಾತ್ಕಾಲಿಕವಾಗಿ ಹಿಡಿದಿಡಲಾಗುತ್ತದೆ. ಇದು ಕಚ್ಚಾ ಹೊಲಿಗೆ, ಕೆಲಸ ಮುಗಿದ ಮೇಲೆ ಬಿಚ್ಚುವಂಥದ್ದು. ಕಚ್ಚಾ ಹೊಲಿಗೆಯನ್ನು ಅವಸರದಲ್ಲಿ ಮುಗಿಸಿದ ಕೌದಿಯಲ್ಲಿ ಸಾಲುಗಳು ನೇರ ಬರುವುದಿಲ್ಲ. ತಪ್ಪು ಕಾಣುವುದು ಗೆರೆಯಲ್ಲಾದರೂ ಅದು ಹುಟ್ಟಿದ್ದು ಪದರ ಜರುಗಿದ್ದರಲ್ಲಿ.

ಪಕ್ಕಾ ಹೊಲಿಗೆಯ ಮೊದಲ ಸಾಲು ಅಂಚಿಗೆ ಸಮಾನಾಂತರವಾಗಿ ಬೀಳುತ್ತದೆ. ಎರಡನೆಯ ಸಾಲಿಗೆ ಆಧಾರ ಮೊದಲನೆಯದು, ಮೂರನೆಯದಕ್ಕೆ ಎರಡನೆಯದು. ಎಡಗೈಯ ಹೆಬ್ಬೆರಳು ಹಿಂದಿನ ಸಾಲಿನ ಮೇಲೆ ಕೂತು, ಅದರ ಅಗಲವೇ ಅಳತೆಯಾಗಿ, ಸೂಜಿಯ ಮೊನೆ ಅದರ ಪಕ್ಕದಲ್ಲಿ ನಡೆಯುತ್ತದೆ. ದೇಹವೇ ಅಳತೆಗೋಲಾಗಿರುವ ಈ ಕ್ರಮ ಅಂಗಳದಲ್ಲಿ ಚುಕ್ಕಿಯಿಟ್ಟು ರಂಗೋಲಿ ಬಿಡುವ ಕೈಗೆ ಹೊಸದಲ್ಲ: ಅಲ್ಲಿಯೂ ಚುಕ್ಕಿಯಿಂದ ಚುಕ್ಕಿಗೆ ಇರುವ ದೂರವನ್ನು ಕಾಯುವುದು ಕಣ್ಣು ಮತ್ತು ಬಗ್ಗಿದ ಮೈಯ ಚಲನೆ. ಬಟ್ಟೆಯ ದಪ್ಪಕ್ಕೆ ತಕ್ಕ ಉದ್ದನೆಯ ಗಟ್ಟಿ ಸೂಜಿ, ಜೇನುಮೇಣ ಸವರಿ ಸಿಕ್ಕು ಬೀಳದಂತೆ ಮಾಡಿದ ದಾರ, ಸೂಜಿಯ ಹಿಂಬದಿಯನ್ನು ನೂಕಲು ಬೆರಳಿಗೆ ಹಾಕುವ ಲೋಹದ ಟೊಪ್ಪಿ ಇಷ್ಟೇ ಸಲಕರಣೆ. ನಾಲ್ಕೈದು ಟಾಕುಗಳನ್ನು ಸೂಜಿಯ ಮೇಲೇ ಪೋಣಿಸಿ ಒಮ್ಮೆಗೆ ದಾರ ಎಳೆಯುವುದರಿಂದ ವೇಗ ಮಾತ್ರವಲ್ಲ, ನೇರವೂ ಸಿಗುತ್ತದೆ; ಬಾಗದ ಉಕ್ಕಿನ ಸೂಜಿ ಆ ಕ್ಷಣಕ್ಕೆ ತಾನೇ ಒಂದು ಚಿಕ್ಕ ಅಳತೆಪಟ್ಟಿ.

ಹಿಂದಿನ ಸಾಲನ್ನು ನೋಡಿ ಮುಂದಿನದನ್ನು ಹೊಲಿಯುವ ಈ ವಿಧಾನದ ಅಪಾಯವೂ ಅದರೊಳಗೇ ಇದೆ. ಬಲಗೈಯವರ ಸಾಲು ಸಾಮಾನ್ಯವಾಗಿ ಒಂದು ಕೊನೆಯಲ್ಲಿ ತುಸು ವಾಲುತ್ತದೆ. ಆ ವಾಲುವಿಕೆ ಸಾಲಿಗೆ 1 ಮಿಲಿಮೀಟರ್ ಮಾತ್ರ ಇದ್ದರೂ, ಪ್ರತಿ ಸಾಲೂ ಹಿಂದಿನದರ ತಪ್ಪನ್ನು ಹೊತ್ತು ತನ್ನದನ್ನು ಸೇರಿಸುತ್ತ ಹೋದರೆ 75ನೆಯ ಸಾಲಿನ ಹೊತ್ತಿಗೆ ಅದು ಏಳೂವರೆ ಸೆಂಟಿಮೀಟರ್ ಆಗಿ, ಕೊನೆಯ ಸಾಲು ಅಂಚಿಗೆ ಸಮಾನಾಂತರವಾಗಿ ಸೇರದೆ ಓರೆಯಾಗಿ ಹೊರಬೀಳುತ್ತದೆ. ತಪ್ಪು ಒಮ್ಮೆ ಅತ್ತ, ಒಮ್ಮೆ ಇತ್ತ ಆದರೆ ಚಿತ್ರವೇ ಬೇರೆ: ಅವು ಒಂದನ್ನೊಂದು ಕಡಿದುಕೊಂಡು ಒಟ್ಟು ವ್ಯತ್ಯಾಸ ಸುಮಾರು 1 ಸೆಂಟಿಮೀಟರಿನ ಒಳಗೇ ನಿಲ್ಲುವ ಸಂಭವ ಹೆಚ್ಚು. ಆದುದರಿಂದ ಕೈ ಅಲುಗುವುದು ಹೊಲಿಗೆಗೆ ಅಷ್ಟು ದೊಡ್ಡ ಶತ್ರುವಲ್ಲ. ಕೈ ಸದಾ ಒಂದೇ ಕಡೆಗೆ ವಾಲುವುದು ಶತ್ರು. ಒಂದು ಸಾಲು ಮುಗಿದೊಡನೆ ಕೌದಿಯನ್ನೇ ತಿರುಗಿಸಿಕೊಂಡು ಮುಂದಿನದನ್ನು ಎದುರು ಕೊನೆಯಿಂದ ಹೊಲಿದರೆ ಒಂದರ ವಾಲು ಇನ್ನೊಂದರ ವಾಲನ್ನು ತೊಡೆದುಹಾಕುತ್ತದೆ. ಎರಡು ಮೂರು ಹೆಂಗಸರು ಎದುರುಬದುರು ಕೂತು ಹೊಲಿಯುವಾಗ ಈ ಲಾಭ ಕೇಳದೆಯೇ ದೊರೆಯುತ್ತದೆ.

ಇನ್ನೊಂದು ಪರಿಹಾರ ಭಾಗಿಸುವುದು. ಮೊದಲು ಹೊದಿಕೆಯನ್ನು ನಡುವೆ ಮಡಿಸಿ, ಆ ಮಡಿಕೆಯ ಗುರುತಿನ ಮೇಲೆ ಒಂದು ಸಾಲು ಹಾಕಿ, ಉಳಿದ ಎರಡು ಅರ್ಧಗಳನ್ನು ಮತ್ತೆ ಅರ್ಧ ಮಾಡಿ, ಹೀಗೆ ದೂರದೂರದ ಕೆಲವು ಸಾಲುಗಳನ್ನು ಮೊದಲೇ ನಿಲ್ಲಿಸಿಬಿಟ್ಟರೆ, ನಡುವಿನ ಸಾಲುಗಳ ತಪ್ಪು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ದಾಟುವುದಿಲ್ಲ. ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ಉಪಯುಕ್ತವಾದ ಒಂದೇ ಪಾಠವನ್ನು ಆರಿಸುವುದು ಕಷ್ಟ.

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳಲ್ಲಿ ನೆಲೆಸಿರುವ ಸಿದ್ದಿ ಸಮುದಾಯದ ಹೆಂಗಸರು ಇದೇ ಸಮಸ್ಯೆಯನ್ನು ಬೇರೊಂದು ಜಾಣ್ಮೆಯಿಂದ ಬಿಡಿಸಿದ್ದಾರೆ. ಆಫ್ರಿಕದಿಂದ ಬಂದ ಪೂರ್ವಜರ ಸಂತತಿಯಾದ, 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ ಈ ಸಮುದಾಯದಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತದವರಿದ್ದು, ಮೂವರ ಮನೆಯಲ್ಲೂ ಕವಂದಿ ಹೊಲಿಯುವ ಪದ್ಧತಿಯಿದೆ. ಕವಂದಿಯ ಹೊಲಿಗೆ ಅಂಚಿನಿಂದ ಅಂಚಿಗೆ ಹಾಯುವುದಿಲ್ಲ. ಒಂದು ಮೂಲೆಯಲ್ಲಿ ಆರಂಭವಾಗಿ, ನಾಲ್ಕೂ ಬದಿಗಳ ಗುಂಟ ಸುತ್ತಿ, ಮತ್ತೆ ಆರಂಭದ ಕಡೆಗೆ ಬಂದು, ಹಿಂದಿನ ಸುತ್ತಿಗೆ ಸಮಾನಾಂತರವಾಗಿ ಒಳಗೆ ಸರಿದು, ಚೌಕದೊಳಗೆ ಚೌಕವಾಗಿ ನಡುವನ್ನು ತಲುಪುತ್ತದೆ. ತೇಪೆಗಳನ್ನೂ ಮೊದಲೇ ಜೋಡಿಸಿಟ್ಟಿರುವುದಿಲ್ಲ. ಹೊಲಿಗೆ ಮುಂದುವರಿದಂತೆ ಒಂದೊಂದೇ ತೇಪೆಯನ್ನು ಅಂಚು ಒಳಮಡಿಸಿ, ಹಿಂದಿನ ತೇಪೆಯ ಕಚ್ಚಾ ಅಂಚನ್ನು ಮುಚ್ಚುವಂತೆ ಇಟ್ಟು, ಸಾಲಿನೊಳಗೆ ಸೇರಿಸಿಕೊಳ್ಳುತ್ತ ಹೋಗುತ್ತಾರೆ.

ಈ ಸುತ್ತುಹೊಲಿಗೆಯ ಒಟ್ಟು ಉದ್ದ ನೇರ ಸಾಲುಗಳದ್ದಕ್ಕಿಂತ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. 2 ಸೆಂಟಿಮೀಟರ್ ಅಂತರವಿಟ್ಟರೆ ಅದೇ ಅಳತೆಯ ಹೊದಿಕೆಗೆ ಅದೇ 150 ಮೀಟರ್. ಆದರೆ ತಪ್ಪು ಸೇರುವ ರೀತಿ ಬದಲಾಗುತ್ತದೆ. ಒಂದು ಬದಿಯಿಂದ ಎದುರು ಬದಿಗೆ 75 ಮೆಟ್ಟಿಲು ಹತ್ತುವ ಬದಲು ಇಲ್ಲಿ ಪ್ರತಿ ಬದಿಯಿಂದಲೂ ನಡುವಿಗೆ 37 ಮೆಟ್ಟಿಲುಗಳಷ್ಟೇ; ಮೊದಲ ಸುತ್ತಿಗೆ ನಾಲ್ಕು ಅಂಚುಗಳೂ ಸಾಕ್ಷಿ; ಉಳಿದ ಸಣ್ಣ ವ್ಯತ್ಯಾಸವೆಲ್ಲ ನಡುವಿನ ಪುಟ್ಟ ಆಯತದಲ್ಲಿ ತೀರಿಹೋಗುವುದರಿಂದ ಅಂಚು ಎಂದೂ ಓರೆಯಾಗುವುದಿಲ್ಲ. ಇಂದಿನ ಹೊಲಿಗೆಯ ಕೈಪಿಡಿಗಳು ನಡುವಿನಿಂದ ಆರಂಭಿಸಿ ಹೊರಕ್ಕೆ ಹೋಗಬೇಕೆಂದೂ, ಹೊರಗಿನಿಂದ ಒಳಕ್ಕೆ ಬಂದರೆ ಹೆಚ್ಚುವರಿ ಬಟ್ಟೆಯೆಲ್ಲ ನಡುವಿನಲ್ಲಿ ಗುಳ್ಳೆಯಂತೆ ಏಳುತ್ತದೆಂದೂ ಎಚ್ಚರಿಸುತ್ತವೆ. ಹೊರಮೈಯನ್ನು ಒಂದೇ ಹಾಳೆಯಾಗಿ ಜೋಡಿಸಿಕೊಂಡು ಹೊಲಿಯುವವರಿಗೆ ಆ ಎಚ್ಚರಿಕೆ ಸರಿಯಾದುದೇ. ಕವಂದಿಯಲ್ಲಿ ಹೊರಮೈ ಎನ್ನುವುದು ಹೊಲಿಗೆಯ ಜೊತೆಗೇ ಹುಟ್ಟುವುದರಿಂದ ಅಲ್ಲಿ ಹೆಚ್ಚುವರಿ ಉಳಿಯುವುದಕ್ಕೇ ಎಡೆಯಿಲ್ಲ. ಕೊನೆಗೆ ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ಕೂರಿಸುವ ಫೂಲ, ಎಂದರೆ ಹೂವು, ಇಲ್ಲದೆ ಕವಂದಿ ಪೂರ್ತಿಯಾಯಿತೆಂದು ಅವರು ಒಪ್ಪುವುದಿಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಹೊದಿಕೆಗಳನ್ನು ಅಧ್ಯಯನ ಮಾಡಿದ ಮೇಲೆ 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಅವುಗಳ ಪ್ರದರ್ಶನ ನಡೆಯಿತು. ಅಲ್ಲಿಯವರೆಗೆ ಕನ್ನಡ ನಾಡಿನಲ್ಲೇ ಅವನ್ನು ಬಲ್ಲವರು ಬಹಳ ಮಂದಿ ಇರಲಿಲ್ಲವೆಂಬುದು ನೋವಿನ ಸಂಗತಿ.

ಗುರುತು ಹಾಕಿಕೊಂಡು ಹೊಲಿಯುವ ಪದ್ಧತಿಗೆ ಬಂದರೆ, ಎಲ್ಲಕ್ಕಿಂತ ಅಗ್ಗದ ಗುರುತು ಮಡಿಕೆ. ಬಟ್ಟೆಯನ್ನು ಮಡಿಸಿ ಉಗುರಿನಿಂದಲೋ ಇಸ್ತ್ರಿಪೆಟ್ಟಿಗೆಯಿಂದಲೋ ಒತ್ತಿದರೆ ಏಳುವ ಗೆರೆಗೆ ಕಲೆಯ ಭಯವಿಲ್ಲ. ಜಪಾನಿನಲ್ಲಿ ಹೇರ ಎಂಬ ಮೊಂಡುಮೊನೆಯ ಚಿಕ್ಕ ಸಲಾಕೆಯನ್ನು ಪಟ್ಟಿಯ ಗುಂಟ ಒತ್ತಿ ಎಳೆದು ಇಂಥದೇ ಗೆರೆ ಮೂಡಿಸುತ್ತಾರೆ. ದೊಡ್ಡ ಹೊದಿಕೆಗೆ ಬಡಗಿಗಳ ಉಪಾಯವೇ ಚೆನ್ನ: ಸುಣ್ಣದ ಪುಡಿ ಸವರಿದ ನೂಲನ್ನು ಎರಡು ಕೊನೆಯಲ್ಲಿ ಇಬ್ಬರು ಬಿಗಿಯಾಗಿ ಹಿಡಿದು, ನಡುವೆ ಎತ್ತಿ ಬಿಟ್ಟರೆ 2 ಮೀಟರ್ ಉದ್ದದ ನೇರ ಗೆರೆ ಒಂದೇ ಏಟಿಗೆ ಬೀಳುತ್ತದೆ. ಟೈಲರುಗಳು ಬಳಸುವ ಚಪ್ಪಟೆ ಚಾಕು, ಅಂದರೆ ಬಟ್ಟೆಗೆ ಗೆರೆ ಎಳೆಯುವ ಸೀಮೆಸುಣ್ಣದ ಬಿಲ್ಲೆ, ಅಂಚು ಹರಿತವಾಗಿರುವವರೆಗೆ ಸಣ್ಣ ಗೆರೆ ಕೊಡುತ್ತದೆ, ಮೊಂಡಾದ ಮೇಲೆ 2 ಮಿಲಿಮೀಟರ್ ದಪ್ಪದ ಗೆರೆ ಕೊಡುತ್ತದೆ, ಅಷ್ಟು ದಪ್ಪದ ಗೆರೆಯ ಯಾವ ಬದಿಯಲ್ಲಿ ಹೊಲಿಯಬೇಕೆಂಬುದು ಸಾಲಿನಿಂದ ಸಾಲಿಗೆ ಬದಲಾದರೆ ಅಳೆದ ಶ್ರಮವೆಲ್ಲ ವ್ಯರ್ಥ. ಮೇಣ ಬೆರೆಸಿದ ಬಿಲ್ಲೆಯಿಂದ ಎಳೆದ ಗೆರೆಯ ಮೇಲೆ ಇಸ್ತ್ರಿ ಹಾಯಿಸಿದರೆ ಎಣ್ಣೆಯ ಕಲೆಯಂತೆ ಉಳಿಯುತ್ತದೆ. ಬಚ್ಚಲಲ್ಲಿ ಸವೆದು ತೆಳ್ಳಗಾದ ಸೋಪಿನ ಚೂರು ಗಾಢ ಬಣ್ಣದ ಬಟ್ಟೆಗೆ ಇವೆಲ್ಲಕ್ಕಿಂತ ನಂಬಿಕೆಗೆ ಅರ್ಹ. ಅದನ್ನು ತೆಗೆಯಲು ಬೇಕಾದ ಸೋಪು ಅದೇ.

ಈಚಿನ ಸಾಧನಗಳಲ್ಲಿ ನೀರಿಗೆ ಹೋಗುವ ನೀಲಿ ಪೆನ್ನು ಸುಲಭವಾದರೂ, ತೊಳೆಯುವ ಮುನ್ನ ಇಸ್ತ್ರಿ ತಾಗಿದರೆ ಅದು ಬಟ್ಟೆಯಲ್ಲೇ ನೆಲೆಯೂರುವುದುಂಟು. ಮೊದಲು ಬರೀ ತಣ್ಣೀರಿನಲ್ಲಿ ನೆನೆಸಿ ತೆಗೆದು ಆಮೇಲೆ ಸೋಪು ತಾಗಿಸಬೇಕು. ಜಪಾನಿನ ಫ್ರಿಕ್ಷನ್ ಪೆನ್ನಿನ ಮಸಿ ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಬಣ್ಣ ಕಳೆದುಕೊಳ್ಳುತ್ತದೆ, ಅಳಿದುಹೋಗುವುದಿಲ್ಲ. ಉಷ್ಣತೆ ಶೂನ್ಯಕ್ಕಿಂತ 10, 20 ಡಿಗ್ರಿ ಕೆಳಗಿಳಿದರೆ ಮತ್ತೆ ಕಾಣಿಸಿಕೊಳ್ಳುತ್ತದೆ. ಹೊಸೂರಿನ ಚಳಿಯಲ್ಲಿ ಆ ಭಯವಿಲ್ಲವಾದರೂ, ಹಿಮ ಬೀಳುವ ದೇಶದಲ್ಲಿರುವ ಮಗಳಿಗೋ ಮೊಮ್ಮಗುವಿಗೋ ಕಳುಹಿಸುವ ಹೊದಿಕೆಗೆ ಅದನ್ನು ಬಳಸದಿರುವುದು ವಿವೇಕ. ಅಂಟುಪಟ್ಟಿ, ಅಂದರೆ ಬಣ್ಣ ಬಳಿಯುವವರು ಗೋಡೆಗೆ ಹಚ್ಚುವ ಕಾಗದದ ಟೇಪು, ಗೆರೆಯನ್ನೇ ಎಳೆಯದೆ ಅಂತರ ಕೊಡುವ ಸಾಧನ. ಅದರ ಒಂದು ಬದಿಯನ್ನು ಹಿಂದಿನ ಸಾಲಿಗೆ ಹೊಂದಿಸಿ, ಇನ್ನೊಂದು ಬದಿಯ ಗುಂಟ ಹೊಲಿದು, ಕಿತ್ತು ಮುಂದಕ್ಕೆ ಹಚ್ಚುತ್ತಾರೆ. ರಾತ್ರಿಯೆಲ್ಲ ಬಟ್ಟೆಯ ಮೇಲೆಯೇ ಬಿಟ್ಟರೆ ಅದರ ಅಂಟು ಉಳಿದುಕೊಂಡು ದೂಳು ಹಿಡಿಯುತ್ತದೆ. ಆರಿ ಮತ್ತು ಜರ್ದೋಸಿ ಕೆಲಸದ ಕೊಠಡಿಗಳಲ್ಲಿ ಕಾಣುವ ಕ್ರಮ ಮತ್ತೊಂದು: ಪಾರದರ್ಶಕ ಕಾಗದದ ಮೇಲೆ ಬರೆದ ವಿನ್ಯಾಸದುದ್ದಕ್ಕೂ ಸೂಜಿಯಿಂದ ತೂತು ಚುಚ್ಚಿ, ಸೀಮೆಎಣ್ಣೆಯಲ್ಲಿ ಕಲಸಿದ ಪುಡಿಯನ್ನು ಅದರ ಮೇಲೆ ಒರೆಸಿದರೆ ತೂತುಗಳ ಮೂಲಕ ಚುಕ್ಕಿಗಳು ಬಟ್ಟೆಗೆ ಇಳಿಯುತ್ತವೆ. ಸಮದೂರದ ಸಾಲುಗಳನ್ನು ಒಮ್ಮೆ ಹೀಗೆ ಚುಚ್ಚಿಟ್ಟುಕೊಂಡರೆ ನೂರಾರು ಸಲ ಬಳಸಬಹುದು.

ಗುರುತು ಹಾಕುವುದೇ ಒಂದು ಸ್ವತಂತ್ರ ವೃತ್ತಿಯಾಗಿ ಬೆಳೆದ ಉದಾಹರಣೆ ಇಂಗ್ಲೆಂಡಿನ ಉತ್ತರ ಭಾಗದಲ್ಲಿದೆ. ಸೀಸದ ಗಣಿಗಳಿದ್ದ ಅಲನ್‌ಹೆಡ್ಸ್ ಎಂಬ ಹಳ್ಳಿಯ ಅಂಗಡಿಕಾರ ಜಾರ್ಜ್ ಗಾರ್ಡಿನರ್ ಮತ್ತು ಅವನಲ್ಲಿ ಕಲಿತ ಎಲಿಜಬೆತ್ ಸ್ಯಾಂಡರ್ಸನ್ 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಇತರರ ಹೊದಿಕೆಗಳ ಮೇಲೆ ನೀಲಿ ಪೆನ್ಸಿಲಿನಿಂದ ವಿನ್ಯಾಸ ಬರೆದುಕೊಟ್ಟು ಸಂಪಾದಿಸುತ್ತಿದ್ದರು. ಅದರ ಮೇಲೆ ಹೊಲಿಗೆ ಹಾಕುವವರು ಬೇರೆಯವರು. ಗೆರೆ ಒಬ್ಬರದು, ಸೂಜಿ ಇನ್ನೊಬ್ಬರದು ಎಂಬ ಈ ವಿಭಜನೆ ಕೌದಿಯ ಲೋಕದಲ್ಲಿ ಬೇರು ಬಿಡಲಿಲ್ಲ. ಗೋಂಧಳಿಗರಂಥ ಅಲೆಮಾರಿ ಸಮುದಾಯಗಳ ಹೆಂಗಸರು ಊರೂರಿಗೆ ಹೋಗಿ, ಮನೆಯವರು ಕೊಟ್ಟ ಬಟ್ಟೆಯಿಂದ ಅವರ ಜಗಲಿಯ ಮೇಲೇ ಕೌದಿ ಹೊಲಿದು ಕಾಳನ್ನೋ ಹಣವನ್ನೋ ಪಡೆಯುವಾಗಲೂ, ಅಂತರದ ನಿರ್ಧಾರ ಮತ್ತು ಹೊಲಿಗೆ ಎರಡೂ ಒಂದೇ ಕೈಯಲ್ಲಿದ್ದವು.

ತಮಿಳುನಾಡಿನ ಒಳಗೇ ಗುರುತಿಲ್ಲದೆ ನೇರ ನಡೆಯುವ ಸೂಜಿಗೆ ಇನ್ನೂ ಎರಡು ನೆಲೆಗಳಿವೆ. ನೀಲಗಿರಿಯ ತೊದವರು ತಮ್ಮ ಬಿಳಿಯ ಒರಟು ಹೊದಿಕೆಯ ಮೇಲೆ ಎಳೆಗಳನ್ನು ಎಣಿಸಿಯೇ ಕೆಂಪು, ಕಪ್ಪು ಕಸೂತಿ ಹಾಕುತ್ತಾರೆ. ಅದಕ್ಕೆ 2013ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಕೃಷ್ಣಗಿರಿಗೆ ನೆರೆಯ ಧರ್ಮಪುರಿ ಜಿಲ್ಲೆಯ ಸಿಟ್ಟಿಲಿಂಗಿ ಕಣಿವೆಯಲ್ಲಿ, ವೈದ್ಯ ದಂಪತಿ ರೆಜಿ ಜಾರ್ಜ್ ಮತ್ತು ಲಲಿತಾ ರೆಜಿ 1993ರಲ್ಲಿ ಆರಂಭಿಸಿದ ಬುಡಕಟ್ಟು ಆರೋಗ್ಯ ಸಂಸ್ಥೆಯ ಒತ್ತಾಸೆಯಿಂದ, ಮರೆತುಹೋಗುತ್ತಿದ್ದ ಲಂಬಾಣಿ ಕಸೂತಿ ಮತ್ತೆ ಕೈಗೆ ಬಂದಿದೆ. ಅಲ್ಲಿನ ಕುಶಲಕರ್ಮಿಗಳ ಸಂಘಕ್ಕೆ ಪೋರ್ಗಾಯ್ ಎಂದು ಹೆಸರು, ಲಂಬಾಣಿ ಮಾತಿನಲ್ಲಿ ಹೆಮ್ಮೆ ಎಂದರ್ಥ. 2010ರಲ್ಲಿ ಭೌಗೋಳಿಕ ಸೂಚಕ ಪಡೆದ ಬಳ್ಳಾರಿ ಸೀಮೆಯ ಸಂಡೂರು ಲಂಬಾಣಿ ಕಸೂತಿಯಲ್ಲಿ ಹೆಸರಿಸುವ 14 ಹೊಲಿಗೆಗಳಲ್ಲಿ ಒಂದಕ್ಕೆ ಕೌದಿ ಎಂದೇ ಹೆಸರಿರುವುದು, ಹೊದಿಕೆಯ ಸಾಲುಹೊಲಿಗೆಯೂ ಅಲಂಕಾರದ ಕಸೂತಿಯೂ ಎಷ್ಟು ಹತ್ತಿರದ ನಂಟರೆಂಬುದನ್ನು ತೋರಿಸುತ್ತದೆ.

ಹೊಸೂರಿನಲ್ಲಿ ಈಗ ಮನೆಮನೆಗೆ ಹೊಲಿಗೆ ಯಂತ್ರ ಬಂದಿದೆ. ಯಂತ್ರದ ಸಾಲು ತಾನಾಗಿಯೇ ನೇರವಾಗುತ್ತದೆಂಬ ನಂಬಿಕೆ ದಪ್ಪ ಹೊದಿಕೆಯ ಮುಂದೆ ನಿಲ್ಲುವುದಿಲ್ಲ. ಯಂತ್ರದಲ್ಲಿ ಬಟ್ಟೆಯನ್ನು ಮುಂದಕ್ಕೆ ಸಾಗಿಸುವ ಹಲ್ಲುಗಳು ಕೆಳಗಿರುತ್ತವೆ, ಮೇಲಿನಿಂದ ಒತ್ತುವ ಪಾದ ಬಟ್ಟೆಯನ್ನು ತಡೆಯುತ್ತದೆ. ಹೀಗಾಗಿ ಕೆಳಪದರ ಬೇಗ ಸಾಗಿ, ಮೇಲ್ಪದರ ಹಿಂದುಳಿದು ಪಾದದ ಮುಂದೆ ಅಲೆಯಾಗಿ ಏಳುತ್ತದೆ. ಒಂದು ಸಾಲನ್ನು ಮೇಲಿನಿಂದ ಕೆಳಕ್ಕೂ ಅದರ ಪಕ್ಕದ್ದನ್ನು ಕೆಳಗಿನಿಂದ ಮೇಲಕ್ಕೂ ಹೊಲಿದರೆ ಎರಡರ ಎಳೆತ ಎದುರುಬದುರಾಗಿ ನಡುವೆ ಓರೆ ಸುಕ್ಕುಗಳು ಬೀಳುತ್ತವೆ. ಕೈಹೊಲಿಗೆಯಲ್ಲಿ ತಿರುಗಿಸಿ ಹೊಲಿಯುವುದು ಗುಣವಾದರೆ ಯಂತ್ರದಲ್ಲಿ ಅದೇ ದೋಷವಾಗುವುದಕ್ಕೆ ಕಾರಣ ಇದು. ಮೇಲ್ಪದರವನ್ನೂ ಜೊತೆಗೆ ಸಾಗಿಸುವ ವಾಕಿಂಗ್ ಫೂಟ್ ಎಂಬ ಪಾದ, ಅದಕ್ಕೆ ಸಿಕ್ಕಿಸುವ ಗೈಡ್ ಎಂಬ ಬಾಗಿದ ಲೋಹದ ಕಡ್ಡಿ ಈ ತೊಂದರೆಗೆ ಮದ್ದು. ಕಡ್ಡಿಯ ತುದಿ ಹಿಂದಿನ ಸಾಲಿನ ಮೇಲೆ ಜಾರುತ್ತ ಹೋದಂತೆ ಸೂಜಿ ನಿಗದಿಯಾದ ದೂರದಲ್ಲಿ ಇಳಿಯುತ್ತದೆ. ಕೌದಿ ಹೊಲಿಯುವವಳ ಎಡಗೈ ಹೆಬ್ಬೆರಳು ಮಾಡುವ ಕೆಲಸವನ್ನೇ ಅದು ಮಾಡುತ್ತದೆ, ಆ ಕೆಲಸದ ಅಪಾಯವೂ, ಅಂದರೆ ಹಿಂದಿನ ತಪ್ಪನ್ನು ಮುಂದಕ್ಕೆ ದಾಟಿಸುವುದು, ಅದರಲ್ಲಿ ಹಾಗೆಯೇ ಉಳಿದಿದೆ. ನಾಲ್ಕೈದು ಸಾಲಿಗೊಮ್ಮೆ ಅಂಚಿನಿಂದ ಅಳೆದು ನೋಡುವ ಅಭ್ಯಾಸವನ್ನು ಯಾವ ಸಾಧನವೂ ತಪ್ಪಿಸಿಲ್ಲ. ಕಾರ್ಖಾನೆಗಳ ಬಹುಸೂಜಿ ಯಂತ್ರ ಮಾತ್ರ ಸಮಸ್ಯೆಯನ್ನು ಬುಡದಲ್ಲೇ ಕಡಿದಿದೆ: ಅಲ್ಲಿ ಒಂದೇ ಸರಳಿಗೆ ಸಮದೂರದಲ್ಲಿ ಬಿಗಿದ ಸೂಜಿಗಳು ಎಲ್ಲ ಸಾಲುಗಳನ್ನೂ ಒಟ್ಟಿಗೆ ಹೊಲಿಯುವುದರಿಂದ ಒಂದು ಸಾಲು ಇನ್ನೊಂದನ್ನು ನೋಡಿ ನಡೆಯಬೇಕಾಗಿಲ್ಲ.

ಬಟ್ಟೆ ವ್ಯಾಪಾರಕ್ಕೆ ಹೆಸರಾದ, ಕೃಷ್ಣಗಿರಿ ಜಿಲ್ಲೆಯದೇ ಆದ ಬರಗೂರಿನಂಥ ಪೇಟೆಯಲ್ಲಿ ಅಗ್ಗದ ಹೊದಿಕೆ ಕೈಗೆ ಸಿಗುವಾಗ ಬೊಂತೆ ಹೊಲಿಯುವುದು ಕಡಿಮೆಯಾಗುವುದು ಸಹಜ. ಮತ್ತೊಂದೆಡೆ ನಗರದ ಕರಕುಶಲ ಮಳಿಗೆಗಳಲ್ಲಿ ಕೌದಿಗೆ ಬೆಲೆ ಬಂದಿದೆ, ತರಬೇತಿ ಶಿಬಿರಗಳೂ ನಡೆಯುತ್ತಿವೆ. ಅಂಥ ಶಿಬಿರಗಳಲ್ಲಿ ಬಣ್ಣಗಳ ಹೊಂದಾಣಿಕೆಗೆ ಕೊಡುವಷ್ಟೇ ಹೊತ್ತನ್ನು ಸಾಲಿನ ಅಂತರಕ್ಕೆ, ಕಚ್ಚಾ ಹೊಲಿಗೆಗೆ, ಅರ್ಧಕ್ಕೆ ಅರ್ಧ ಭಾಗಿಸುವ ಲೆಕ್ಕಕ್ಕೆ ಕೊಡಬೇಕು. ವಸ್ತುಸಂಗ್ರಹಾಲಯಗಳೂ ತಮ್ಮಲ್ಲಿರುವ ಕೌದಿಗಳ ವಿವರಪಟ್ಟಿಯಲ್ಲಿ ಅಳತೆ, ಬಣ್ಣ, ಊರುಗಳ ಜೊತೆಗೆ ಅಂಗುಲಕ್ಕೆ ಎಷ್ಟು ಟಾಕು, ಸಾಲಿನಿಂದ ಸಾಲಿಗೆ ಎಷ್ಟು ದೂರ, ಹೊಲಿಗೆ ಎಲ್ಲಿ ಆರಂಭವಾಗಿ ಯಾವ ದಿಕ್ಕಿಗೆ ಸಾಗಿದೆ ಎಂಬುದನ್ನು ಬರೆದಿಟ್ಟರೆ, ಹೆಸರು ಉಳಿಯದ ಹೊಲಿಗೆಗಾರ್ತಿಯರ ಕೈಬರಹವನ್ನಾದರೂ ಮುಂದೆ ಗುರುತಿಸಲು ಸಾಧ್ಯವಾದೀತು. ಮಾರುಕಟ್ಟೆ ಕೇಳುವ ಅಳತೆಪಟ್ಟಿಯ ಕರಾರುವಾಕ್ಕುತನಕ್ಕೆ ಕೈಹೊಲಿಗೆಯನ್ನು ಒಗ್ಗಿಸಬೇಕೆಂದಲ್ಲ; ಕೂದಲೆಳೆಯಷ್ಟು ಅತ್ತಿತ್ತ ಸರಿಯುವ ಸಾಲು ಹೊದಿಕೆಯನ್ನು ಎಲ್ಲೂ ಸಡಿಲಗೊಳಿಸುವುದಿಲ್ಲ. ಒಂದೇ ಕಡೆಗೆ ವಾಲುವ ಸಾಲನ್ನು ಮಾತ್ರ ಅಂದವೆಂದು ಹೊಗಳಬೇಕಾಗಿಲ್ಲ.

ಸವೆದ ಕೌದಿಯನ್ನು ಬಿಸಾಡುವ ರೂಢಿ ಹಿಂದಿನಿಂದಲೂ ಇಲ್ಲ. ಮೇಲ್ಮೈ ಜೂಲುಜೂಲಾದಾಗ ಅದನ್ನು ಬಿಚ್ಚದೆ, ಒಗೆದು ಒಣಗಿಸಿ, ಮತ್ತೊಂದು ಹಳೆಯ ಸೀರೆಯನ್ನು ಎರಡೂ ಕಡೆ ಹೊದಿಸಿ, ಇಡೀ ಕೌದಿಯನ್ನೇ ಒಳತುಂಬಾಗಿಸಿ ಮತ್ತೆ ಹೊಲಿಯುತ್ತಾರೆ. ಆಗ ಹಳೆಯ ಸಾಲುಗಳ ಏಣು ಹೊಸ ಬಟ್ಟೆಯ ಕೆಳಗೆ ಬೆರಳಿಗೆ ತಾಗುವುದರಿಂದ ಗೆರೆ, ಚಾಕು, ಅಳತೆ ಯಾವುದೂ ಬೇಕಾಗುವುದಿಲ್ಲ. ಹೊಸ ಸಾಲನ್ನು ಹಳೆಯದರ ಮೇಲೆಯೇ ಹಾಕಿದರೆ ಅಲ್ಲಿ ಆಗಲೇ ಸವೆದ ಬಟ್ಟೆ ಸೂಜಿಯ ತೂತಿಗೆ ಹರಿಯುತ್ತದೆ, ಆದುದರಿಂದ ಎರಡು ಹಳೆಯ ಸಾಲುಗಳ ನಡುವಿನ ತಗ್ಗಿನಲ್ಲಿ, ಗಟ್ಟಿಯಾಗಿ ಉಳಿದ ಬಟ್ಟೆಯ ಮೇಲೆ, ಹೊಸ ಸಾಲು ನಡೆಯಬೇಕು.